ಉಪದೇಶಿಯವರ ಬಲಗಾಲು

ಹೊಸ ಟವೆಲಿನ ಗಂಜಿ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಕೇಳಿದವರು ನಗಬಹುದು. ಹೋದ ವಾರ ಲಿಂಗಸುಗೂರಿನ ಬಟ್ಟೆ ಅಂಗಡಿಯವನು ಹನ್ನೆರಡು ಬಿಳಿ ಟವೆಲುಗಳ ಕಟ್ಟನ್ನು ಬಿಚ್ಚಿ ಎದುರಿಗಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಣ್ಣ ಸರಿಯಿಲ್ಲ, ಅಂಚು ಸರಿಯಿಲ್ಲ ಎಂದು ಅವನ ಮೇಲೆ ರೇಗಿದೆ. ಪಾಪ, ಅವನೇನು ಮಾಡಿದ್ದ... ಪವಿತ್ರ ಗುರುವಾರಕ್ಕೆ ಟವೆಲು ತರುವುದು ನಮ್ಮ ಧರ್ಮಕೇಂದ್ರದಲ್ಲಿ ಈಗ ನನ್ನ ಕೆಲಸ. ಮೊದಲು ಅದು ಉಪದೇಶಿಯವರ ಕೆಲಸವಾಗಿತ್ತು.

ಹೊಸ ಟವೆಲು ನೀರು ಕುಡಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಆ ಗುರುವಾರಕ್ಕೆ ನಾಲ್ಕು ದಿನ ಮುಂಚೆ ಬರುವ ಗರಿಗಳ ಭಾನುವಾರ ಮುಗಿದ ಮರುದಿನವೇ ಹನ್ನೆರಡನ್ನೂ ಎರಡೆರಡು ಸಲ ಒಗೆದು, ಗಂಜಿ ಬಿಡಿಸಿ, ಗುಡಿಯ ಹಿಂದಿನ ತಂತಿಯ ಮೇಲೆ ಹರವುತ್ತಿದ್ದರು. ಯೇಸು ಸಾಯುವ ಹಿಂದಿನ ಸಂಜೆ ತನ್ನ ಹನ್ನೆರಡು ಮಂದಿ ಶಿಷ್ಯರ ಪಾದ ತೊಳೆದನಲ್ಲ, ಅದರ ನೆನಪಿಗೆ ಆ ಗುರುವಾರ ಪೂಜೆಯ ನಡುವೆ ಫಾದರ್ ಊರಿನ ಹನ್ನೆರಡು ಮಂದಿಯ ಪಾದ ತೊಳೆದು ಒರೆಸುತ್ತಾರೆ. ಹಿಂದಿನಿಂದ ನೀರಿನ ತಂಬಿಗೆ ಹಿಡಿದು ಬಗ್ಗಿಕೊಂಡು ಹೋಗುವವರು ಉಪದೇಶಿಯವರು. ನನಗೆ ತಿಳಿವಳಿಕೆ ಬಂದಾಗಿನಿಂದ ಹಾಗೆಯೇ ನೋಡಿದ್ದೆ.

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ಬಸ್ಸು ನಿಲ್ಲುವ ಊರು ನಮ್ಮದು. ಗುಡಿ ಒಂದು, ಅದಕ್ಕೆ ಸೇರಿದ ಹಳ್ಳಿಗಳು ಹತ್ತಾರು. ಎಲ್ಲ ಕಡೆ ಫಾದರ್ ಒಬ್ಬರೇ ಹೋಗುವುದು ಆಗದ ಮಾತು. ಮಕ್ಕಳಿಗೆ ಜಪ ಕಲಿಸುವುದು, ಮದುವೆಗೆ ಮುಂಚೆ ಹುಡುಗ ಹುಡುಗಿಗೆ ಬುದ್ಧಿ ಹೇಳುವುದು, ಸತ್ತರೆ ಓಡಿಬಂದು ಪ್ರಾರ್ಥನೆ ಮಾಡುವುದು, ಎಲ್ಲಕ್ಕೂ ಉಪದೇಶಿ. ಟಯರಿನ ಚಪ್ಪಲಿ ಹಾಕಿಕೊಂಡು ಜೋಳದ ಹೊಲಗಳ ಬದುವಿನ ಮೇಲೆ ನಡೆದು ಬರುತ್ತಿದ್ದರು. ಶಿಲುಬೆಯ ಗುರುತು ಮಾಡುವುದನ್ನು ನನಗೆ ಕಲಿಸಿದವರು ಅವರು. ಎಡಗೈಯಿಂದ ಮಾಡಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಸಣ್ಣದೊಂದು ಏಟು ಬಿದ್ದದ್ದು ಇನ್ನೂ ನೆನಪಿದೆ. ಈಗ ಆಟೋ, ಬೈಕು ಎಲ್ಲ ಇವೆ. ಇವತ್ತು ಸೂಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುವವರ ಅಪ್ಪಂದಿರನ್ನು ಗುಡಿಯ ಬಾಗಿಲಿಗೆ ಕರೆತಂದದ್ದು ಮಾತ್ರ ಆ ಎರಡು ಕಾಲು.

ಯೇಸು ಸತ್ತು ಎದ್ದುಬಂದ ಪಾಸ್ಖ ಹಬ್ಬದ ವಾರ ನಮ್ಮಲ್ಲಿ ಜಾತ್ರೆಯ ಗದ್ದಲ. ಸಿಂಧನೂರಿನ ಕಡೆ ಗದ್ದೆ ಕೆಲಸಕ್ಕೆ ಹೋದವರು ಟಂಟಂ ತುಂಬಿಕೊಂಡು ಬರುತ್ತಾರೆ, ಮುದಗಲ್ಲಿನ ಬೀಗರು ಬರುತ್ತಾರೆ, ಪಾಪನಿವೇದನೆಗೆ ಬಾಗಿಲ ಹೊರಗಿನವರೆಗೆ ಸಾಲು. ಆ ಗದ್ದಲದಲ್ಲಿ ಯಾವ ಹಳ್ಳಿಯವರು ಯಾವಾಗ ಏನು ಓದಬೇಕು, ಯಾರು ಶಿಲುಬೆ ಹೊರಬೇಕು ಎಲ್ಲ ಉಪದೇಶಿಯವರ ತಲೆಯಲ್ಲಿ. ಪಾದ ತೊಳೆಯುವಾಗ ಬಲಗಾಲು ಮಾತ್ರ ಚಾಚಬೇಕು ಎಂಬ ರೂಢಿ ಹಾಕಿದವರೂ ಅವರೇ. ಎರಡೂ ಕಾಲು ತೊಳೆಯುತ್ತ ಕುಳಿತರೆ ಹಳ್ಳಿಯವರ ಕೊನೆಯ ಬಸ್ಸು ತಪ್ಪುತ್ತಿತ್ತು, ಅಷ್ಟೇ ಕಾರಣ. ನಮ್ಮ ಮಂದಿ ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಆ ಗುರುವಾರ ಮನೆಯಲ್ಲೇ ಬಲಗಾಲನ್ನು ಕಲ್ಲಿನಿಂದ ತಿಕ್ಕಿ, ಎಣ್ಣೆ ಹಚ್ಚಿ, ಹೊಳೆಯಿಸಿಕೊಂಡು ಬರುತ್ತಿದ್ದರು. ಎಡಗಾಲಿನಲ್ಲಿ ಹೊಲದ ಮಣ್ಣು ಹಾಗೇ ಇರುತ್ತಿತ್ತು. ತೊಳೆದ ಕಾಲನ್ನೇ ಫಾದರ್ ಮತ್ತೆ ತೊಳೆಯುತ್ತಿದ್ದರು.

ಅಷ್ಟು ವರ್ಷ ತಂಬಿಗೆ ಹಿಡಿದ ಮನುಷ್ಯ ಒಂದು ಸಲವೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ನೀವೂ ಕೂಡಿರಿ ಎಂದು ಯಾರೂ ಅಂದಿರಲಿಲ್ಲ, ನಾನೂ ಅಂದಿರಲಿಲ್ಲ. ಆಗಲೂ ನಾನೇ ಧರ್ಮಕೇಂದ್ರದ ಪಾಲನಾ ಸಮಿತಿಯ ಕಾರ್ಯದರ್ಶಿ, ಹನ್ನೆರಡು ಹೆಸರಿನ ಪಟ್ಟಿ ಬರೆಯುವವನು. ಒಂದು ವರ್ಷ, ಪಾಸ್ಖಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ, ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಗುಡಿಯ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಅವರು ನನ್ನ ಮುಖ ನೋಡದೆ ಕೇಳಿದರು.

"ಈ ಸಲ ನನ್ನ ಹೆಸರು ಬರೀತೀಯೇನಪಾ? ಒಂದ್ ಸಲ ಕುಂದ್ರಬೇಕಂತ ಆಸಿ ಆಗೈತಿ."

ನನಗೆ ನಾಚಿಕೆಯಾಯಿತು. ಅವರೇ ಬಾಯಿಬಿಟ್ಟು ಕೇಳುವ ಹಾಗೆ ಮಾಡಿದೆವಲ್ಲ ಎಂದು. ಅಂದೇ ಮೊದಲ ಹೆಸರಾಗಿ ಬರೆದೆ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಬಲಗಾಲಿನ ಹೆಬ್ಬೆರಳ ಕೆಳಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯದೆ ಉಳಿದು, ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು. ಪಾದ ತೊಳೆಯುವ ಹಿಂದಿನ ದಿನ, ಬುಧವಾರ ಸಂಜೆ, ಸಮಿತಿ ಸೇರಿತು. ಆ ವರ್ಷ ಮೊದಲ ಬಾರಿಗೆ ಪೂಜೆಯನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುವ ಏರ್ಪಾಡು ಆಗಿತ್ತು. ಅದರ ಉತ್ಸಾಹ ಹೇಳತೀರದು. ಸಮಿತಿಯ ಹಿರಿಯರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಪಟ್ಟಿಯ ಮೊದಲ ಹೆಸರಿನ ಮೇಲೆ ಬೆರಳಿಟ್ಟರು.

"ಲೈವ್ ಹೊಂಟೈತ್ರೀ ಈ ಸಲ. ಆ ಪಟ್ಟಿ ಬಿಚ್ಚಿದ ಕಾಲು ಮಂದಿ ನೋಡಿದ್ರ ಏನಂತಾರ? ಫಾದರ್ ಅದನ್ನ ಮುಟ್ಟಾಕಾದ್ರೂ ಹೆಂಗ ಬರ್ತೈತಿ?"

ಒಬ್ಬರು ಗಾಯಕ್ಕೆ ನೀರು ತಾಗಬಾರದು ಎಂದು ಕಾಳಜಿ ತೋರಿಸಿದರು. ಇನ್ನೊಬ್ಬರು ಮುಂದಿನ ವರ್ಷ ಕೂರಿಸೋಣ ಎಂದರು. ಫಾದರ್ ಹೊಸಬರು, ವಯಸ್ಸು ಕಡಿಮೆ. ನೀವೆಲ್ಲ ಕೂಡಿ ಏನಂತೀರೋ ಹಾಗೆ ಎಂದು ಎದ್ದರು. ಯೇಸುವಿನ ಸಾವು ತನ್ನ ಹೊಣೆಯಲ್ಲವೆಂದು ಪಿಲಾತ ಕೈ ತೊಳೆದುಕೊಂಡದ್ದು ಶುಕ್ರವಾರ, ನಮ್ಮ ಫಾದರ್ ಬುಧವಾರವೇ ತೊಳೆದುಕೊಂಡರು. ಹತ್ತಿದ ಏಣಿಯನ್ನು ಒದೆಯುವುದು ಹೇಗೆಂದು ಆ ಸಂಜೆ ನೋಡಿದೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದದ್ದು ಮೈ ಮಾತ್ರ, ಬಾಯಿ ತೆರೆಯಲಿಲ್ಲ. ಹೆಸರು ಹೊಡೆದು ಹಾಕಿದ್ದು ನನ್ನದೇ ಪೆನ್ನು.

ಹೇಳಿ ಬರುವ ಕೆಲಸವೂ ನನಗೇ ಬಿತ್ತು. ಗುರುವಾರ ಬೆಳಿಗ್ಗೆ ಹೋದಾಗ ಅವರು ಅಂಗಳದಲ್ಲಿ ಹಲಗೆಯ ಮೇಲೆ ಕುಳಿತಿದ್ದರು. ಸೊಸೆ ಬಿಸಿನೀರು ಇಟ್ಟುಕೊಂಡು, ಗಾಯ ಬಿಟ್ಟು ಉಳಿದ ಪಾದವನ್ನೆಲ್ಲ ಮೆಲ್ಲಗೆ ಉಜ್ಜುತ್ತಿದ್ದಳು. ಉಗುರು ಕತ್ತರಿಸಿಯಾಗಿತ್ತು. ಒಗೆದ ಧೋತರ ತಂತಿಯ ಮೇಲಿತ್ತು. ನಾನು ವೈದ್ಯರು, ನೀರು, ನಂಜು ಎಂದು ಏನೇನೋ ತೊದಲಿದೆ. ಅವರಿಗೆ ಅರ್ಥವಾಯಿತು. ಸೊಸೆಗೆ ಸಾಕು ಎಂದು ಕೈಮಾಡಿ, ಕೇಳಿದರು.

"ಎಡಗಾಲು ಚಲೋ ಐತ್ಯಪಾ. ಎಡಗಾಲು ಚಾಚಿದ್ರ ನಡಿಯಂಗಿಲ್ಲೇನು?"

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಬಲಗಾಲೇ ಆಗಬೇಕು ಎಂದು ನಲವತ್ತು ವರ್ಷ ಊರಿಗೆ ಕಲಿಸಿದವರು ತಮಗಾಗಿ ಒಂದೇ ಒಂದು ಸಡಿಲಿಕೆ ಕೇಳಿದ್ದರು. ನಾನು ಏನೆಂದೆ? ಇಲ್ಲ ಸರ್, ಬಲಗಾಲೇ ಅಂತ ಪದ್ಧತಿ ಇದೆಯಲ್ಲ, ನೀವೇ ಹೇಳಿದ್ದು ಎಂದೆ. ಅವರ ಹಗ್ಗದಿಂದ ಅವರನ್ನೇ ಕಟ್ಟಿದೆ. ಆಮೇಲೆ ಪೂಜಾವಿಧಿಯ ಪುಸ್ತಕ ತೆಗೆದು ನೋಡಿದೆ. ಪಾದ ಎಂದಷ್ಟೇ ಇದೆ. ಬಲ ಎಂದು ಎಲ್ಲೂ ಇಲ್ಲ. ನೋಡಿದ್ದು ಆಮೇಲೆ, ಹಬ್ಬ ಮುಗಿದ ಮೇಲೆ... ನೋಡಿ ಏನು ಬಂತು?

ಆ ಸಂಜೆ ಗುಡಿ ತುಂಬಿ ಹೊರಗೂ ಜನ ನಿಂತಿದ್ದರು. ಪೀಠದ ಮುಂದೆ ಹನ್ನೆರಡು ಕುರ್ಚಿ, ಜನ ಹನ್ನೊಂದು. ಹೊಡೆದು ಹಾಕಿದ ಹೆಸರಿನ ಜಾಗಕ್ಕೆ ಇನ್ನೊಂದು ಬರೆಯುವುದನ್ನು ನಾನು ಮರೆತಿದ್ದೆ. ಹಿರಿಯರು ಕಣ್ಣಲ್ಲೇ ನನ್ನನ್ನು ಕರೆದು ಖಾಲಿ ಕುರ್ಚಿ ತೋರಿಸಿದರು. ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ಕ್ಯಾಮೆರಾ ನೋಡುತ್ತಿದೆ ಎಂಬ ಗಾಬರಿಯಲ್ಲಿ ಬೂಟು ಕಳಚಿ ಕುಳಿತೆ.

ಉಪದೇಶಿಯವರು ಒಗೆದ ಧೋತರ ಉಟ್ಟು, ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತ, ತಂಬಿಗೆ ಹಿಡಿದು ಫಾದರ್ ಹಿಂದೆ ಬಂದರು. ಅಷ್ಟಾದ ಮೇಲೂ ನೀರು ಕಾಯಿಸಿದ್ದವರು ಅವರೇ. ಒಬ್ಬೊಬ್ಬರ ಮುಂದೆಯೂ ಬಗ್ಗಿ, ಸಣ್ಣ ಧಾರೆಯಾಗಿ ನೀರು ಬಿಟ್ಟು, ಎದ್ದು, ಮತ್ತೆ ಬಗ್ಗಿ... ನನ್ನ ಮುಂದೆ ಬಂದಾಗ ನಾನು ಯಾವ ಕಾಲು ಚಾಚಿದೆನೋ ನನಗೇ ತಿಳಿಯಲಿಲ್ಲ.

"ಬಲಗಾಲು" ಎಂದರು ಮೆಲ್ಲಗೆ.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಶಿಲುಬೆಯ ಗುರುತು ತಪ್ಪಿ ಮಾಡಿದ ಹುಡುಗನಿಗೆ ಹೇಳುವ ದನಿ. ನಾನು ಎಡಗಾಲು ಹಿಂದೆ ಎಳೆದುಕೊಂಡು ಬಲಗಾಲು ಚಾಚಿದೆ. ಅವರು ನೀರು ಬಿಟ್ಟರು, ಫಾದರ್ ಒರೆಸಿದರು, ಮೊಬೈಲಿನಲ್ಲಿ ಎಷ್ಟೋ ಮಂದಿ ನೋಡಿ ಕೈಮುಗಿದ ಚಿತ್ರ ಕಳಿಸಿದರು. ಉಪದೇಶಿಯವರು ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲವಲ್ಲ ಎಂದು ಅವರ ಮೇಲೂ ನನಗೆ ಸಿಟ್ಟು, ಇವತ್ತಿಗೂ.

ಮಳೆಗಾಲದ ಹೊತ್ತಿಗೆ ಗಾಯ ಮೇಲೇರಿತು. ರಾಯಚೂರಿಗೆ ಒಯ್ದರು. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ. ಕ್ರಿಸ್‌ಮಸ್ಸಿಗೆ ಮುಂಚೆಯೇ ಹೋಗಿಬಿಟ್ಟರು. ಸುದ್ದಿ ಕೇಳಿ ಓಡಿದಾಗ ಅವರನ್ನು ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿ ಮೀಸುತ್ತಿದ್ದರು. ಅವರ ಮಗ ನನ್ನ ಕೈಗೆ ಚೊಂಬು ಕೊಟ್ಟ, ನೀವೂ ಒಂದು ಚೊಂಬು ಹಾಕಿರಿ, ನಿಮ್ಮನ್ನು ಬಹಳ ನೆನೆಸುತ್ತಿದ್ದರು ಎಂದ. ಕೊನೆಗೂ ಪಾದ ತೊಳೆಯೋಣ ಎಂದು ಬಗ್ಗಿದೆ. ಬಲಗಾಲು ಇರಬೇಕಾದಲ್ಲಿ ಒದ್ದೆಯಾದ ಹಲಗೆ ಇತ್ತು. ಚೊಂಬು ಹಿಡಿದುಕೊಂಡು ಅಲ್ಲೇ ನಿಂತೆ, ಹಿಂದಿನವರು ಪಕ್ಕಕ್ಕೆ ಸರಿಯಪ್ಪ ಎನ್ನುವವರೆಗೆ.

ಮಣ್ಣಿನ ದಿನ ಸಮಿತಿಯವರ ಭಾಷಣ ಕೇಳಬೇಕಿತ್ತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲಂತೆ. ನಮ್ಮ ಧರ್ಮಕೇಂದ್ರದ ಅಡಿಗಲ್ಲು ಎಂದರು, ನಡೆದಾಡುವ ಬೈಬಲ್ ಎಂದರು. ನಡೆದ ಕಾಲಿನ ಮಾತು ಯಾರೂ ಎತ್ತಲಿಲ್ಲ.

ಮೊನ್ನೆ ಈ ವರ್ಷದ ಸಮಿತಿ ಸೇರಿತ್ತು. ಹಿರಿಯರಿಗೆ ಈಗ ಕೈ ನಡುಕ, ಆದರೂ ಮಾತು ಅವರದೇ. ಹನ್ನೊಂದು ಮಂದಿಯನ್ನು ಕೂರಿಸಿ, ಒಂದು ಕುರ್ಚಿಯ ಮೇಲೆ ಉಪದೇಶಿಯವರ ಫೋಟೋ ಇಟ್ಟು ಹಾರ ಹಾಕೋಣ, ಜನರಿಗೂ ಮನಸ್ಸಿಗೆ ತಟ್ಟುತ್ತದೆ, ಲೈವಿನಲ್ಲಿಯೂ ಚೆನ್ನಾಗಿ ಬರುತ್ತದೆ ಎಂದರು. ಎಲ್ಲರೂ ತಲೆದೂಗಿದರು. ದೊಡ್ಡದು ಮಾಡಿಸಿದ ಫೋಟೋ ಮೇಜಿನ ಮೇಲೆಯೇ ಇತ್ತು. ಕ್ರಾಪು ತೆಗೆದ ತಲೆ, ಮೇಲಿನ ಗುಂಡಿಯವರೆಗೆ ಹಾಕಿದ ಅಂಗಿ, ಎದೆಯ ಕೆಳಗೆ ಚೌಕಟ್ಟು. ಆ ಬುಧವಾರ ತೆರೆಯದ ಬಾಯಿ ಈಗ ತಾನಾಗಿ ತೆರೆಯಿತು.

"ತೊಳಿಯೂದು ಏನ್ರೀ ಇದರಾಗ? ಕಾಲಽ ಇಲ್ಲಲ್ಲ."

ನಾನು ಪಟ್ಟಿಯನ್ನು ಅವರ ಮುಂದೆ ಸರಿಸಿ, ಹೆಸರು ನೀವೇ ಬರೆದುಕೊಳ್ಳಿ ಎಂದು ಹೇಳಿ ಹೊರಗೆ ಬಂದೆ. ಗೆದ್ದೆ ಅನ್ನಿಸಲಿಲ್ಲ. ಆಡಬೇಕಾದ ದಿನ ಆಡದ ಮಾತು ಅದು. ಈಗ ಆಡಿದರೆ ಕೇಳಬೇಕಾದವರಿಲ್ಲ.