ನಾಲತವಾಡದ ಚಾಂದನಿಯ ಎದೆಬಡಿತ

ನಮ್ಮೂರು ಇಂಡಿಯ ಬಸ್ ನಿಲ್ದಾಣಕ್ಕೆ ಸಿಂದಗಿಯ ಬಸ್ಸು ಬಂದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ನನ್ನ ಕೈಯಲ್ಲಿ ಬುತ್ತಿಯ ಚೀಲ, ತಂಗಿ ವಿಮಲಾಳ ಕೈಯಲ್ಲಿ ಟಿಫಿನ್ ಡಬ್ಬಿಗಿಂತ ಕೊಂಚ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ. ಬಸ್ಸು ಹತ್ತಿ ಅವಳು ನನ್ನ ಚೀಲವನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದಳು. ತನ್ನ ಪೆಟ್ಟಿಗೆಯನ್ನು ಮಾತ್ರ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಳು.

"ಏನೈತ್ರಿ ಬಾಯಾರ ಅದರಾಗ? ಕೋಳಿ ಪಿಳ್ಳಿ ಇದ್ರ ಟಿಕೀಟ ತಗೋಬೇಕಾಕ್ಕತಿ," ಅಂದ ಕಂಡಕ್ಟರ್.

"ಇಸಿಜಿ ಮಷೀನ್ ರೀ. ನಾಲತವಾಡದಾಗ ಒಂದು ಕುದುರಿ ಎದಿ ನೋಡೋದೈತಿ."

ಅವನು ನಮ್ಮಿಬ್ಬರ ಆಧಾರ್ ಕಾರ್ಡು ನೋಡಿ, ಹೆಣ್ಣುಮಕ್ಕಳಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. "ಕುದುರಿ ಹೆಣ್ಣೋ ಗಂಡೋ?"

"ಹೆಣ್ಣು."

"ಹಂಗಾರ ಬರೂಮುಂದ ಕರಕೊಂಡ ಬರ್ರಿ. ಅದಕೂ ಫ್ರೀ."

ಮುಂದಿನ ಸೀಟಿನವರೆಲ್ಲ ತಿರುಗಿ ನಮ್ಮನ್ನೇ ನೋಡಿದರು. ನನಗೆ ಮುಜುಗರವಾದರೂ ಒಳಗೊಳಗೇ ಹಿಗ್ಗೂ ಆಯಿತು. ವಿಮಲಾ ದೂರದ ಊರಿನ ಪಶುವೈದ್ಯ ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳುತ್ತಿದ್ದಾಳೆ. ನಮ್ಮ ಓಣಿಯವರು ಅವಳನ್ನು ದನದ ಡಾಕ್ಟರು ಅನ್ನುತ್ತಾರೆ. ಅವಳು ಕಲಿಸುವುದು ರೋಗವನ್ನಲ್ಲ, ಆರೋಗ್ಯವಾಗಿರುವ ಪ್ರಾಣಿಯ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು. ಎಮ್ಮೆ ಹೇಗೆ ಮೆಲುಕು ಹಾಕುತ್ತದೆ, ಕುರಿ ಬಿಸಿಲನ್ನು ಹೇಗೆ ತಾಳುತ್ತದೆ, ರಕ್ತ ಹೇಗೆ ಸುತ್ತುತ್ತದೆ. ಅವಳ ಸಂಶೋಧನೆಯಂತೂ ಪೂರ್ತಿ ಹೃದಯದ ಲಯದ ಮೇಲೆ. ದುಡಿಯುವ ಎತ್ತು, ಕುದುರೆ, ಕತ್ತೆಗಳ ಎದೆ ಸುಮ್ಮನಿದ್ದಾಗ ಹೇಗೆ ಬಡಿಯುತ್ತದೆ, ದುಡಿಮೆಯಲ್ಲಿ ಹೇಗೆ ಬಡಿಯುತ್ತದೆ ಎಂದು ಊರೂರು ತಿರುಗಿ ದಾಖಲು ಮಾಡುತ್ತಾಳೆ.

ನಾವಿಬ್ಬರೂ ಒಂದೇ ಕಾನ್ವೆಂಟಿನಲ್ಲಿ ಓದಿದವರು. ನಾನು ಹೃದಯದ ಚಿತ್ರವನ್ನು ಕೆಂಪು ನೀಲಿ ಪೆನ್ಸಿಲಿನಲ್ಲಿ ಗೆರೆ ದಾಟದಂತೆ ತುಂಬಿ ಸಿಸ್ಟರ್ ಕಡೆಯಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ವಿಮಲಾ ಮಾತ್ರ ಎದ್ದು ನಿಂತು, ಆಡು ಮಲಗಿದಾಗ ಈ ಹೃದಯ ಏನು ಮಾಡುತ್ತದೆ ಸಿಸ್ಟರ್ ಎಂದು ಕೇಳಿ ಕೂತುಕೋ ಅನ್ನಿಸಿಕೊಂಡಿದ್ದಳು. ಅವಳು ಇನ್ನೂ ಅದನ್ನೇ ಕೇಳುತ್ತಿದ್ದಾಳೆ. ಈಗ ಯಾರೂ ಕೂತುಕೋ ಅನ್ನುವುದಿಲ್ಲ.

ಸಿಂದಗಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಇಂಡಿಯ ನಿಂಬೆ ತೋಟಗಳು ಹಿಂದೆ ಸರಿದ ಮೇಲೆ ಎರಡೂ ಕಡೆ ಬಿಳಿಜೋಳ. ಸಿಂದಗಿಯಲ್ಲಿ ಚಹಾ ಕುಡಿದು ತಾಳಿಕೋಟೆಯ ಬಸ್ಸು ಹಿಡಿದೆವು. ದೇವರ ಹಿಪ್ಪರಗಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಬಿಸಿ ಆರದ ಸೀತನಿ ಕಾಳನ್ನು ನಮ್ಮ ಅಂಗೈಗೆ ಸುರಿದರು. ಕೆಂಡದಲ್ಲಿ ಸುಟ್ಟು ಬಡಿದ ಎಳೆ ಜೋಳ, ನಡುನಡುವೆ ಬೂದಿಯ ವಾಸನೆ. ಅದನ್ನು ಮೆಲ್ಲುತ್ತಲೇ ವಿಮಲಾ ನನಗೆ ಹೊರಟ ಕಾರಣವನ್ನು ಪೂರ್ತಿಯಾಗಿ ಹೇಳಿದಳು.

ಸುಜಾತಾ ಎಂಬ ಹುಡುಗಿ ಅವಳ ಬಳಿ ಎಂ.ವಿ.ಎಸ್ಸಿ ಓದುತ್ತಿದ್ದಾಳೆ. ಊರು ನಾಲತವಾಡ. ದೀಪಾವಳಿಯ ರಜೆಗೆ ಮನೆಗೆ ಬಂದವಳು ಹೊಸ ಸ್ಟೆತಾಸ್ಕೋಪಿನ ಹುರುಪಿನಲ್ಲಿ ನೆರೆಮನೆಯ ರಾಜೇಸಾಬರ ಬಿಳಿ ಕುದುರೆಯ ಎದೆಗೆ ಕಿವಿಗೊಟ್ಟಿದ್ದಾಳೆ. ಮೂರು ನಾಲ್ಕು ಬಡಿತಕ್ಕೊಮ್ಮೆ ಒಂದು ಬಡಿತ ಇಲ್ಲ. ಗಾಬರಿಯಾಗಿ, "ಕಾಕಾ, ಇದರ ಹಾರ್ಟ್ ಸರಿ ಇಲ್ಲ, ಮ್ಯಾಲೆ ಯಾರನ್ನೂ ಕೂಡಸಬ್ಯಾಡ್ರಿ," ಅಂದುಬಿಟ್ಟಿದ್ದಾಳೆ. ಮದುಮಗನನ್ನು ಹೊತ್ತು ಮೆರವಣಿಗೆಯಲ್ಲಿ ಕುಣಿಯುವ ಕುದುರೆ ಅದು. ಓದಿದ ಹುಡುಗಿಯ ಮಾತೆಂದು ರಾಜೇಸಾಬ ಅವತ್ತಿನಿಂದ ಒಂದು ಮದುವೆಗೂ ಒಪ್ಪಿಕೊಂಡಿಲ್ಲ. ಈಗ ವ್ಯಾಪಾರಿಯೊಬ್ಬನಿಗೆ ಮಾರಲು ಮಾತಾಡಿದ್ದಾರೆ. ಅವನು ಸೋಮವಾರ ಬಂದು ಹೊಡೆದುಕೊಂಡು ಹೋಗುತ್ತಾನೆ. ಇದನ್ನು ಫೋನಿನಲ್ಲಿ ಕೇಳಿದ ಮೇಲೆ ಸುಜಾತಾ ಗುರುವಿನ ಮುಂದೆ ಅತ್ತಿದ್ದಾಳೆ.

"ಇವತ್ತ ಶನಿವಾರ. ನಡುವ ಒಂದ ದಿನ," ಅಂದೆ.

"ಹೂಂ. ಕುದುರಿ ಸುಮ್ನ ನಿಂತಾಗ ಬಡಿತ ಬಿಡೋದು ಎಷ್ಟೋ ಸಲ ಗಟ್ಟಿ ಕುದುರಿ ಲಕ್ಷಣ ಅಕ್ಕಾ. ಆದ್ರ ಎಲ್ಲಾ ಸಲ ಅಲ್ಲ. ನೋಡದ ಹೇಳಿದ್ರ ಅಕಿಗೂ ನನಗೂ ಏನ್ ಫರಕ?"

ಅವಳ ತರಗತಿಯಲ್ಲೊಂದು ಪದ್ಧತಿ ಇದೆಯಂತೆ. ಕಿವಿಯಲ್ಲಿ ಕೇಳಿದ ಬಡಿತವನ್ನು ವಿದ್ಯಾರ್ಥಿಗಳು ಮೊದಲು ಬೆರಳಿನಿಂದ ಮೇಜಿನ ಮೇಲೆ ಬಡಿದು ತೋರಿಸಬೇಕು. ತುಸು ಹೊತ್ತು ಹಾಗೆ ಬಡಿದ ಮೇಲೆಯೇ ಅದಕ್ಕೊಂದು ಹೆಸರು ಹೇಳಬೇಕು. ಹುಡುಗರು ಅವಳ ಬೆನ್ನ ಹಿಂದೆ "ತಬಲಾ ಮೇಡಂ" ಅನ್ನುತ್ತಾರೆ. ಅದು ಅವಳಿಗೂ ಗೊತ್ತು. ಸುಜಾತಾ ಬಡಿಯದೆಯೇ ಹೆಸರು ಹೇಳಿದ್ದಳು.

ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳದ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ವಿಮಲಾ ಅರ್ಧ ರೊಟ್ಟಿಯನ್ನು ಹಾಗೇ ಮಡಚಿ ನನ್ನ ಡಬ್ಬಿಯಲ್ಲಿಟ್ಟಳು. ಪರೀಕ್ಷೆಯ ದಿನ ಅವಳು ಚಿಕ್ಕವಳಿದ್ದಾಗಲೂ ಹಾಗೆಯೇ.

ನಾಲತವಾಡ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ನಮಗಿಂತ ಮೊದಲೇ ಊರಿಗೆ ಬಂದು, ಬಸ್ಸಿನ ಬಾಗಿಲಲ್ಲೇ ಕಾದು ನಿಂತಿದ್ದ ಸುಜಾತಾ ತೆಳ್ಳನೆಯ ಹುಡುಗಿ, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ನೇರ ರಾಜೇಸಾಬರ ಮನೆಗೇ ಕರೆದೊಯ್ದಳು. ಅಂಗಳದ ಬೇವಿನ ನೆರಳಲ್ಲಿ ಕುದುರೆ ಚಾಂದನಿ ನಿಂತಿದ್ದಳು. ಮೈಯೆಲ್ಲ ಹಾಲಿನ ಬಿಳಿ, ಮೂಗಿನ ತುದಿ ಮಾತ್ರ ಗುಲಾಬಿ. ಕುತ್ತಿಗೆಯ ಕೂದಲಿಗೆ ಯಾರೋ ಹೊಸದಾಗಿ ಎಣ್ಣೆ ಹಚ್ಚಿ ಹೆಣೆದಿದ್ದರು. ಮಾರುವ ಕುದುರೆಗೆ ಇಷ್ಟು ನೀಟಾದ ಜಡೆ ಯಾಕೆ ಅನ್ನಿಸಿತು. ಆಮೇಲೆ ರಾಜೇಸಾಬರ ಹೆಂಡತಿ ಶಾಹಿನಬಿಯ ಅಂಗೈ ಎಣ್ಣೆಯಿಂದ ಹೊಳೆಯುತ್ತಿದ್ದದ್ದು ಕಂಡಿತು.

"ಮೊದಲ ನೀ ಹೇಳು," ಅಂದಳು ವಿಮಲಾ ಸುಜಾತಾಳಿಗೆ.

ಸುಜಾತಾ ರಾಜೇಸಾಬರ ಕಡೆ ತಿರುಗಿದಳು. "ಕಾಕಾ, ಅವತ್ತ ನಾ ಪೂರಾ ತಿಳೀದ ಹೇಳಿದ್ದೆ. ನನ್ನ ಮಾತು ತಪ್ಪ ಇರಬಹುದು. ಅದಕ ಮೇಡಮ್ಮಾರ್ನ ಕರಕೊಂಡ ಬಂದೇನಿ."

"ಇರಬಹುದು ಅಂತಿ, ಐತಿ ಅನ್ನಾಕ ತಯಾರಿಲ್ಲ," ಅಂದರು ರಾಜೇಸಾಬ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ಎರಡ ತಿಂಗಳಾತು ಯವ್ವಾ, ಈ ಅಂಗಳದಾಗ ಗೆಜ್ಜಿ ಸಪ್ಪಳಿಲ್ಲ."

ವಿಮಲಾ ಚಾಂದನಿಗೆ ತನ್ನ ಅಂಗೈ ಮೂಸಲು ಕೊಟ್ಟಳು. ಒಸಡಿನ ಬಣ್ಣ ನೋಡಿದಳು, ಕುತ್ತಿಗೆಯ ನರದ ಮೇಲೆ ಬೆರಳಾಡಿಸಿದಳು. ಎದೆಯ ಎಡಕ್ಕೂ ಬಲಕ್ಕೂ ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಕೇಳಿದಳು. ಆಮೇಲೆ ಸ್ಟೆತಾಸ್ಕೋಪನ್ನು ಸುಜಾತಾಳ ಕೊರಳಿಗೆ ಹಾಕಿ, "ಬಡಿ," ಅಂದಳು.

ಸುಜಾತಾ ಎದೆ ಕೇಳುತ್ತಾ ಬೇವಿನ ಕಟ್ಟೆಯ ಮೇಲೆ ಬೆರಳಿನಿಂದ ಬಡಿಯತೊಡಗಿದಳು. ಟಪ್, ಟಪ್, ಟಪ್, ಮತ್ತೆ ಖಾಲಿ. ಟಪ್, ಟಪ್, ಟಪ್, ಖಾಲಿ. ಆ ಖಾಲಿ ಬಂದಾಗಲೆಲ್ಲ ಶಾಹಿನಬಿಯ ಉಸಿರೂ ನಿಲ್ಲುವುದು ನನಗೆ ಕಾಣುತ್ತಿತ್ತು. ಚರ್ಮಕ್ಕೆ ಸ್ಪಿರಿಟ್ ಹಚ್ಚಿ, ಪೆಟ್ಟಿಗೆಯ ತಂತಿಗಳ ತುದಿಯ ಸಣ್ಣ ಚಿಮಟಗಳನ್ನು ಸಿಕ್ಕಿಸಿದ ಮೇಲೆ ಪೆಟ್ಟಿಗೆಯ ಪರದೆಯ ಮೇಲೆ ಗೆರೆ ಓಡಿತು. ಸಣ್ಣ ದಿಬ್ಬ, ಅದರ ಹಿಂದೆ ಎತ್ತರದ ಮೊನೆ. ಒಮ್ಮೊಮ್ಮೆ ದಿಬ್ಬ ಒಂದೇ, ಮೊನೆ ಇಲ್ಲ.

"ನೋಡ್ರಿ, ಎದಿಯಾಗ ಮ್ಯಾಲಿನ ಖೋಲಿ ಕೂಗತೈತಿ, ಕೆಳಗಿನ ಖೋಲಿ ಓ ಅಂತೈತಿ. ಈ ಸಲ ಮ್ಯಾಲಿನವರು ಕೂಗ್ಯಾರ, ಕೆಳಗಿನವರು ಓ ಅಂದಿಲ್ಲ," ಅಂದಳು ವಿಮಲಾ. ಶಾಹಿನಬಿಯ ಕಡೆ ತಿರುಗಿ ಕೇಳಿದಳು: "ರೊಟ್ಟಿ ಬಡೀಬೇಕಾದ್ರ ನಡುವ ನಿಮ್ಮ ಕೈ ನಿಲ್ಲತೈತಲ್ಲ, ದಣಿದು ನಿಲ್ಲತೈತೇನು?"

"ಇಲ್ರಿ. ಹಿಟ್ಟ ಉದರಸಾಕ, ತಿರುವಾಕ."

"ಮನಿ ತುಂಬ ಬೀಗರು ಹಸದು ಕುಂತಿದ್ರ?"

"ಆವಾಗೆಲ್ಲಿ ನಿಲ್ಲೂದ್ರಿ. ಬಡಿಯೂದ ಬಡಿಯೂದು."

"ಇಕಿ ಎದಿನೂ ಹಂಗ ಇರಬೇಕು ಅನಸತೈತಿ. ಸುಮ್ನಿದ್ದಾಗ ಸಾವಕಾಶ ಒಂದೊಂದು ಬಿಡತೈತಿ. ಬೀಗರು ಬಂದಾಗ ಬಿಡಬಾರದು. ಅದನ್ನ ನೋಡಿದ್ರ ಖಾತ್ರಿ ಆಕ್ಕತಿ. ಸ್ವಲ್ಪ ಓಡಸ್ರಿ."

ರಾಜೇಸಾಬ ಹಗ್ಗ ಗಟ್ಟಿಯಾಗಿ ಹಿಡಿದುಕೊಂಡರು. "ನಿಮ್ಮ ಹುಡಿಗಿ ಮ್ಯಾಲೆ ಕೂಡಬ್ಯಾಡ ಅಂದ್ಳು. ನೀವು ಓಡಸು ಅಂತೀರಿ. ನಡುವ ಬಿದ್ರ?"

"ಇಷ್ಟೊತ್ತು ಕೇಳಿ ನನಗ ಸಂಶೆ ಬಂದಿದ್ರ ಓಡಸು ಅಂತಿದ್ದಿಲ್ಲ," ಅಂದಳು ವಿಮಲಾ. ಬೇಡ ಅಂದರೆ ಹೊರಟುಬಿಡುವವಳಂತೆ ಪೆಟ್ಟಿಗೆಯ ಮೇಲೆ ಕೈ ಇಟ್ಟಳು.

"ಬಿಡ್ರಿ. ಸೋಮಾರ ಹೋಗಾಕೀನ ಇವತ್ತ ನೋಡೂನು," ಅಂದರು ಶಾಹಿನಬಿ.

ಆದರೆ ಚಾಂದನಿ ಓಡಲಿಲ್ಲ. ರಾಜೇಸಾಬ ಎಳೆದರು, ಸುಜಾತಾ ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಚಾಂದನಿ ನಾಲ್ಕು ಹೆಜ್ಜೆ ಗಂಭೀರವಾಗಿ ನಡೆದು ನಿಂತುಬಿಟ್ಟಳು. ಮೇಲಿನ ಮದುಮಗ ಬೆದರಬಾರದೆಂದು ಮರಿಯಿಂದಲೇ ಅವಳಿಗೆ ಓಡುವುದನ್ನು ಬಿಡಿಸಿದ್ದರು. ಜಗತ್ತಿನ ಪುಸ್ತಕಗಳಲ್ಲೆಲ್ಲ ಕುದುರೆಯನ್ನು ಓಡಿಸಿ ನೋಡು ಎಂದು ಬರೆದಿದೆ, ಓಡದ ಕುದುರೆಗೆ ಏನು ಮಾಡಬೇಕೆಂದು ಬರೆದಿಲ್ಲ ಎಂದು ವಿಮಲಾ ಆಮೇಲೆ ನಕ್ಕಳು. ಆಗ ನಗಲಿಲ್ಲ. ಬಿಸಿಲು ಗೋಡೆ ಹತ್ತುತ್ತಿತ್ತು.

ಶಾಹಿನಬಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಹಿಟ್ಟು ನಾದುವ ಪರಾತ, ಒಂದು ಕಟ್ಟಿಗೆಯ ಸೌಟು. ಕಟ್ಟೆಯ ಮೇಲೆ ಕೂತು ಪರಾತ ಮಗುಚಿ, ಮೆರವಣಿಗೆಯ ಹಲಗಿಯ ಪೆಟ್ಟನ್ನು ಅದರ ಮೇಲೆ ಹಾಕತೊಡಗಿದರು.

ಚಾಂದನಿಯ ಕಿವಿ ಎರಡೂ ಮುಂದಕ್ಕೆ ಬಂದವು. ಮುಂಗಾಲು ಒಂದು ಮೇಲೆದ್ದಿತು, ಮತ್ತೊಂದು. ಕುತ್ತಿಗೆ ಬಿಲ್ಲಿನಂತೆ ಬಾಗಿತು. ಗೆಜ್ಜೆಯಿಲ್ಲದ ಕಾಲಿನಿಂದ ಅವಳು ಅಂಗಳದ ತುಂಬ ಕುಣಿದಳು. ಪರಾತದ ಪೆಟ್ಟು ಚುರುಕಾದಷ್ಟೂ ಅವಳೂ ಚುರುಕು. ಬಿಳಿ ಮೈ ಬೆವರಿನಿಂದ ಬೂದಿಬಣ್ಣಕ್ಕೆ ತಿರುಗಿತು. ರಾಜೇಸಾಬ ಅವಳ ಕಾಲನ್ನು ನೋಡುತ್ತಿರಲಿಲ್ಲ, ಪಕ್ಕೆಯನ್ನು ನೋಡುತ್ತಿದ್ದರು.

"ಸಾಕ್ರಿ," ಅಂದಳು ವಿಮಲಾ. ಸುಜಾತಾ ಓಡಿಹೋಗಿ ಚಿಮಟ ಸಿಕ್ಕಿಸಿದಳು. ಗೆರೆ ಓಡಿತು. ಪ್ರತಿ ದಿಬ್ಬಕ್ಕೂ ಒಂದು ಮೊನೆ. ವಿಮಲಾ ಪರದೆ ನೋಡುವುದು ಬಿಟ್ಟು ಹುಡುಗಿಯ ಬೆರಳನ್ನು ನೋಡಿದಳು. ಸುಜಾತಾ ಮತ್ತೆ ಕೇಳುತ್ತಾ ಕಟ್ಟೆಯ ಮೇಲೆ ಬಡಿಯುತ್ತಿದ್ದಳು, ಬಿಡುವೇ ಇಲ್ಲದೆ, ಎಲ್ಲೂ ಖಾಲಿ ಬೀಳದೆ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಬೆರಳು ತಪ್ಪಲಿಲ್ಲ.

"ಈಗ ಹೇಳು," ಅಂದಳು ವಿಮಲಾ.

"ರೋಗಿಲ್ರಿ ಕಾಕಾ. ಸುಮ್ನಿದ್ದಾಗ ಬಿಡತೈತಿ, ದುಡೀಬೇಕಾದ್ರ ಬಿಡೂದಿಲ್ಲ. ನಾ ತಪ್ಪ ಹೇಳಿದ್ದೆ."

ಬೆವರು ಆರುತ್ತಾ ಬಂದ ಹಾಗೆ ಆ ಖಾಲಿ ಮತ್ತೆ ಒಂದೊಂದಾಗಿ ಮರಳಿತು. ಈ ಸಲ ಅದು ಬಂದಾಗ ರಾಜೇಸಾಬ, "ಬೀಗರು ಹ್ವಾದ್ರು ನೋಡ," ಅಂದರು ಹೆಂಡತಿಗೆ. ಶಾಹಿನಬಿ ಪರಾತವನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದರು. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ.

ರಾತ್ರಿ ಸುಜಾತಾಳ ಮನೆಯಲ್ಲಿ ಉಳಿದೆವು. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗ ರಾಜೇಸಾಬರ ಮಾಳಿಗೆಯ ಮೇಲೆ ಮೆರವಣಿಗೆಯಲ್ಲಿ ಚಾಂದನಿಯ ಬೆನ್ನಿಗೆ ಹೊದಿಸುವ, ಕನ್ನಡಿ ಹೊಲಿದ ಕೆಂಪು ಮಖಮಲ್ಲಿನ ಜೂಲು ಬಿಸಿಲಿಗೆ ಹರವಿತ್ತು. ಡಾಂಬರ್ ಗುಳಿಗೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ವ್ಯಾಪಾರಿಗೆ ಬೇಡವೆಂದು ಆಗಲೇ ಫೋನು ಹೋಗಿತ್ತಂತೆ.

ಬಸವನ ಬಾಗೇವಾಡಿಯಲ್ಲಿ ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ವಿಮಲಾಳ ಭಾಷಣವಿತ್ತು. ಸುಜಾತಾಳೂ ನಮ್ಮ ಜೊತೆ ಬಂದಿದ್ದಳು. ವಿಜ್ಞಾನ ಓದುವ ಹುಡುಗಿಯರು ಜಮಖಾನೆಯ ಮೇಲೆ ಕೂತಿದ್ದರು. ವಿಮಲಾ ಹೃದಯದ ಬಗ್ಗೆ ನಾಲ್ಕು ಮಾತಾಡಿ, "ಉಳಿದದ್ದು ಇಕಿ ಹೇಳ್ತಾಳ," ಎಂದು ಕೂತುಬಿಟ್ಟಳು. ಸುಜಾತಾ ತನ್ನ ತಪ್ಪಿನಿಂದಲೇ ಶುರುಮಾಡಿದಳು. ಚಾಂದನಿಯ ಬಡಿತವನ್ನು ಹುಡುಗಿಯರೆಲ್ಲರಿಂದ ನೆಲದ ಮೇಲೆ ಬಡಿಸಿದಳು. ಇಡೀ ಕೋಣೆ ಒಟ್ಟಿಗೆ ಬಡಿದು, ಒಟ್ಟಿಗೆ ಒಂದು ಬಿಟ್ಟು, ಮತ್ತೆ ಬಡಿಯಿತು. ಗೋಡೆಗೆ ಒರಗಿ ಕೂತಿದ್ದ ತಂಗಿಯ ಮುಖ ನೋಡಿದೆ. ಅವಳಿಗೆ ಶಾಲು ಹೊದಿಸಿದ ಸಭೆಗಳಲ್ಲೂ ನಾನು ಇದ್ದೇನೆ. ಈ ಮುಖ ಅಲ್ಲಿ ಕಂಡಿರಲಿಲ್ಲ.

ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾಯುವಾಗ ಸುಜಾತಾಳ ಫೋನು ಮೊಳಗಿತು. ರಾಜೇಸಾಬರ ದನಿ ನಮಗೂ ಕೇಳಿಸುವಷ್ಟು ಜೋರು. ತಾಳಿಕೋಟೆಯ ಮದುವೆಯೊಂದು ಬಂದಿದೆ, ಒಪ್ಪಿಕೊಂಡಿದ್ದಾರೆ. ಚಾಂದನಿಯನ್ನು ಎಷ್ಟು ಹೊತ್ತು ಕುಣಿಸಬಹುದು?

ಸುಜಾತಾ ಫೋನನ್ನು ವಿಮಲಾಳ ಕಡೆ ಚಾಚಿದಳು. ವಿಮಲಾ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಬಸ್ಸು ಬರುವ ದಾರಿ ನೋಡತೊಡಗಿದಳು.

ಹುಡುಗಿ ಫೋನನ್ನು ಮತ್ತೆ ಕಿವಿಗೆ ಹಚ್ಚಿದಳು. "ಈಗ ಹೇಳಾಕ ಆಗೂದಿಲ್ಲ ಕಾಕಾ. ಎರಡ ತಿಂಗಳು ಸುಮ್ನ ನಿಂತೈತಿ. ದಿನಾ ಸ್ವಲ್ಪ ಸ್ವಲ್ಪ ಕುಣಸ್ರಿ. ಮದವಿಗಿಂತ ಮೊದಲ ನಾ ಬಂದು ಕೇಳತೇನಿ. ಕೇಳಿ ಹೇಳತೇನಿ."

ಬಸ್ಸು ಬಂತು. ನಾನು ಬುತ್ತಿಯ ಚೀಲ ಹಿಡಿದು ಮೊದಲು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದೆ. ವಿಮಲಾ ಬಂದು ಕೂತು, ಇಂಡಿ ಬಿಟ್ಟಾಗಿನಿಂದ ಮೊದಲ ಸಲ, ಪೆಟ್ಟಿಗೆಯನ್ನು ಸೀಟಿನ ಕೆಳಗೆ ಇಟ್ಟಳು.

"ಅಕ್ಕಾ, ನಿನ್ನೆ ಇಟ್ಟ ಅರ್ಧ ರೊಟ್ಟಿ ಐತೇನು?"

ಡಬ್ಬಿ ಬಿಚ್ಚಿಕೊಟ್ಟೆ. ಒಣಗಿ ಖಡಕ್ಕಾಗಿದ್ದ ಅದನ್ನು ಒಂದು ಚೂರೂ ಬಿಡದೆ ತಿಂದಳು. ಕಂಡಕ್ಟರ್ ತಗಡಿನ ಮೇಲೆ ಎರಡು ಸಲ ಬಡಿದ. ತಿರುಗಿ ನೋಡಿದಾಗ ಸುಜಾತಾ ನಾಲತವಾಡದ ಬಸ್ಸು ನಿಲ್ಲುವ ಕಡೆಗೆ ಬೇಗ ಬೇಗ ಹೋಗುತ್ತಿದ್ದಳು, ಸ್ಟೆತಾಸ್ಕೋಪು ಚೀಲದ ಬಾಯಿಂದ ಹೊರಗೆ ಜೋತಾಡುತ್ತಿತ್ತು.