ಡಿಸೆಂಬರ್ ಕಾರ್ಡಿನಲ್ಲಿ ಇಲ್ಲದ ಉತ್ತರ

ಧಾರವಾಡದಲ್ಲಿ ನಮ್ಮ ಓಣಿಯ ಲೈಬ್ರರಿಯ ಹಾಲ್. ವೇದಿಕೆಯ ಮೇಲೆ ಹನ್ನೆರಡು ಕಾರ್ಡು ಹಿಡಿದು ನಿಂತ ಕ್ವಿಜ್ ಮಾಸ್ಟರ್, ಅಂದರೆ ನಾನು. ಬೋರ್ಡಿನ ಪಕ್ಕ ಸೀಮೆಸುಣ್ಣ ಹಿಡಿದ ಲೈಬ್ರರಿಯ ಶಾಂತಕ್ಕ. ಎದುರಿಗೆ ಫೈನಲ್‌ಗೆ ಉಳಿದ ಇಬ್ಬರು: ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಬೆಂಗೇರಿಯ ಪ್ರವೀಣ, ಬಿ.ಎ. ಓದುತ್ತಿರುವ ರೇಣುಕಾ. ಹಿಂದೆ ಕೋಚಿಂಗ್ ಕ್ಲಾಸಿನವರ ದಂಡು (ಜ್ಞಾನದಾಹಕ್ಕಿಂತ ಉಪ್ಪಿಟ್ಟಿನ ವಾಸನೆಗೆ ಸೆಳೆತ ಜಾಸ್ತಿ). ಅವರ ನಡುವೆ, ಕಣ್ಣು ತೋರಿಸಲು ಊರಿಂದ ಬಂದಿದ್ದ ರೇಣುಕಾಳ ಅಜ್ಜಿ.

ಬಹುಮಾನ ಏನು ಗೊತ್ತೇ? ಕಪ್ ಅಲ್ಲ, ಶಾಲು ಅಲ್ಲ. ರೀಡಿಂಗ್ ರೂಮಿನ ಕಿಟಕಿ ಪಕ್ಕದ ಕುರ್ಚಿ, ಒಂದು ವರ್ಷಕ್ಕೆ!

ನಗಬೇಡಿ. ಬೆಳಗಾಗುವ ಮೊದಲೇ ವಾಟರ್ ಬಾಟಲ್ ಇಟ್ಟು ಸೀಟು ಹಿಡಿಯುವ ಊರು ಇದು. ರೇಣುಕಾ ಇರುವ ಬಾಡಿಗೆ ಕೋಣೆಯಲ್ಲಿ ಐದು ಹುಡುಗಿಯರು, ಒಂದೇ ಟೇಬಲ್ಲು. ಆ ಕುರ್ಚಿ ಸಿಕ್ಕರೆ ಓದು, ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕೂತು ಓದು. ಹಾಗಿತ್ತು ಅವಳ ಸ್ಥಿತಿ.

ವಿಷಯ ನನ್ನದೇ ಆಯ್ಕೆ: ‘ಕಪ್ಪು ಜನರ ಒಂದು ವರ್ಷ’. ಜನವರಿಯಿಂದ ಡಿಸೆಂಬರ್ ತನಕ ತಿಂಗಳಿಗೊಂದು ಕಾರ್ಡು. ಇತಿಹಾಸ, ಸಂಗೀತ, ಸಿನಿಮಾ, ಆಟ. ಎರಡು ವಾರ ಕಂಪ್ಯೂಟರ್ ಮುಂದೆ ಕೂತು ಬರೆದಿದ್ದೆ. (ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ.)

ನವೆಂಬರ್ ಮುಗಿಯುವಾಗ ಇಬ್ಬರದೂ ಸಮ ಅಂಕ. ಉಳಿದದ್ದು ಡಿಸೆಂಬರ್ ಕಾರ್ಡು. ಸರದಿ ರೇಣುಕಾಳದು.

“ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ ತಮ್ಮ ಜೊತೆ ಒಯ್ದ ಸಂಗೀತ ಯಾವ ವಾದ್ಯವಾಗಿ ಉಳಿಯಿತು?”

“ದಮ್ಮಾಮ, ಸರ.”

ಕಾರ್ಡು ನೋಡಿದೆ. ‘ಬ್ಯಾಂಜೋ’ ಅಂತಿತ್ತು, ಅಮೆರಿಕದ ಕಪ್ಪು ಜನರ ತಂತಿವಾದ್ಯ.

“ತಪ್ಪು. ಪ್ರಶ್ನೆ ಪ್ರವೀಣನಿಗೆ ಪಾಸ್.”

ಪ್ರವೀಣ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. ಅಜ್ಜಿ ಎದ್ದು ನಿಂತಿದ್ದರು.

“ತಪ್ಪೇನ್ರಿ ಯಪ್ಪಾ? ಹಂಗಾದ್ರ ನಮ್ಮ ಮನ್ಯಾಗ ಗ್ವಾಡಿಗೆ ತೂಗಹಾಕೇವಲ್ಲ, ಅದೇನು ಜರಡಿ ಏನು?”

ಹಾಲ್ ಗೊಳ್ಳೆಂದಿತು. ನಾನು ನಗಲಿಲ್ಲ. ಅಜ್ಜಿಯ ಗುಂಗುರು ಕೂದಲನ್ನೂ ಮೊಮ್ಮಗಳ ಮುಖವನ್ನೂ ಆಗ ಸರಿಯಾಗಿ ನೋಡಿದೆ. ಹಳಿಯಾಳದ ಕಾಡಿನ ಕಡೆಯ ಸಿದ್ದಿ ಜನ. ಆಫ್ರಿಕಾದಿಂದ ಹಡಗಿನಲ್ಲಿ ಬಂದು, ಗೋವಾದಲ್ಲಿ ಮಾರಾಟವಾಗಿ, ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮಕ್ಕಳು. ಟೊಳ್ಳು ಮರಕ್ಕೆ ತೊಗಲು ಬಿಗಿದ ಅವರ ಡೋಲೇ ದಮ್ಮಾಮ. ಎಲ್ಲ ಕೇಳಿ ಗೊತ್ತಿತ್ತು. ಕಾರ್ಡು ಬರೆಯುವಾಗ ಮಾತ್ರ ನೆನಪಾಗಿರಲಿಲ್ಲ!

ಆದರೂ ನನ್ನ ಹಟ ನೋಡಿ. “ಇದು ಯಾವ ಪುಸ್ತಕದಲ್ಲಿದೆಯಮ್ಮ?” ಎಂದೆ.

ರೇಣುಕಾ ತಲೆ ತಗ್ಗಿಸಲಿಲ್ಲ. “ಎಲ್ಲೆರ ಇರಬಹುದ್ರಿ ಸರ. ನನಗಿನ್ನೂ ಸಿಕ್ಕಿಲ್ಲ. ಹುಡುಕಾಕss ಆ ಕುರ್ಚಿ ಬೇಕಾಗಿತ್ತು.”

ನಾನು ಮತ್ತೆ ಕಾರ್ಡು ತಿರುಗಿಸಿ ನೋಡಿದೆ.

ಪ್ರವೀಣ ಕೈ ಎತ್ತಿದ. “ಸರ, ನಿಮ್ಮ ಕಾರ್ಡಿನ್ಯಾಗ ಏನ್ ಬರದೀರಿ ಅಂತ ನನಗ ಗೊತ್ತೈತಿ. ಬ್ಯಾಂಜೋ. ಆದ್ರ ಆಕಿ ಹೇಳಿದ್ದು ತಪ್ಪು ಹೆಂಗ ಆಕ್ಕೈತ್ರಿ?”

ಗೆಲುವು ನಾಲಿಗೆಯ ತುದಿಯಲ್ಲಿದ್ದಾಗ ಹೀಗೆ ಕೇಳುವವರು ಎಷ್ಟು ಜನ ಸಿಕ್ಕಿದ್ದಾರೆ ನಿಮಗೆ?

“ನಿಯಮ ಅಂದರೆ ನಿಯಮ…” ಎಂದು ತಡವರಿಸಿದೆ. ಶಾಂತಕ್ಕ ಸೀಮೆಸುಣ್ಣ ಕೆಳಗಿಟ್ಟರು.

“ಆ ಕಾರ್ಡು ಬರದವ್ರು ಯಾರ್ರಿ?”

“ನಾನೇ.”

“ಅಕ್ಷರ ಯಾರವು?”

“ನನ್ನವೇ.”

“ಹಂಗಾದ್ರ ತಿದ್ದಾಕ ಡೆಲ್ಲಿಯಿಂದ ಯಾರರ ಬರಬೇಕೇನ್ರಿ?”

ನನಗೆ ಮಾತು ಕಲಿಸಿದ್ದು ಪುಸ್ತಕಗಳಲ್ಲ, ಅಟ್ಟದ ಮೇಲಿನ ಸಾಮಾನಿಗೂ ಒಂದೊಂದು ಕತೆ ಹೇಳುತ್ತಿದ್ದ ನಮ್ಮ ಸೋದರತ್ತೆ. ಯಾವ ಪುಸ್ತಕದಲ್ಲಿದೆ ಅಂತ ಅವರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಈ ಅಜ್ಜಿಗೆ ಮಾತ್ರ ಯಾಕೆ ಬೇಕಾಯಿತು ಸಾಕ್ಷಿ? ಅಟ್ಲಾಂಟಿಕ್ ದಾಟಿ ಹುಡುಕಿದ ಮನುಷ್ಯ ನಾನು, ಪಕ್ಕದ ಹಳಿಯಾಳಕ್ಕೆ ಹೋಗಿರಲಿಲ್ಲ.

ಪೆನ್ನು ತೆಗೆದೆ. ಬ್ಯಾಂಜೋ ಕೆಳಗೆ ‘ದಮ್ಮಾಮ’ ಎಂದು ಬರೆದೆ. “ಉತ್ತರ ಸರಿ. ತಪ್ಪು ನನ್ನದು,” ಎಂದು ಮೈಕಿನಲ್ಲೇ ಹೇಳಿದೆ. ಚಪ್ಪಾಳೆಯ ನಡುವೆ ಪ್ರವೀಣನ ಕೂಗು: “ಕುರ್ಚಿ ಅಂತೂ ಹೋತು, ಉಪ್ಪಿಟ್ಟರ ಇನ್ನೊಂದು ಪ್ಲೇಟ್ ಹಾಕ್ರಿ ಅಕ್ಕಾರ!”

ಅಜ್ಜಿ ಹೊರಡುವಾಗ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. “ಛಲೋ ಆತು ಯಪ್ಪಾ. ದಮ್ಮಾಮಕ್ಕೂ ಒಂದು ಮಾರ್ಕ್ಸ್ ಸಿಕ್ತು,” ಎಂದು ನಕ್ಕರು.

ಮೊನ್ನೆ ರೀಡಿಂಗ್ ರೂಮಿಗೆ ಹೋಗಿದ್ದೆ. ಕಿಟಕಿ ಪಕ್ಕ ರೇಣುಕಾ. ಅದೇ ಟೇಬಲ್ಲಿನ ಆಚೆ ತುದಿಗೆ ಸ್ಟೂಲ್ ಹಾಕಿಕೊಂಡ ಪ್ರವೀಣ (ಕರೆದವಳು ಅವಳೇ ಅಂತೆ). ನನ್ನನ್ನು ಕಂಡವಳೇ ಒಂದು ಕಟ್ಟು ಕಾರ್ಡು ಕೊಟ್ಟಳು. ಮುಂದಿನ ವರ್ಷದ ಕ್ವಿಜ್‌ಗೆ, ತಾನೇ ಬರೆದದ್ದು. ಹನ್ನೆರಡು ಕಾರ್ಡೂ ಸಿದ್ದಿಗಳ ಹಾಡು, ಕುಣಿತ, ಹಿರಿಯರ ಕತೆಗಳ ಬಗ್ಗೆ.

ಮೊದಲ ಪ್ರಶ್ನೆಗೇ ಉತ್ತರ ಗೊತ್ತಾಗಲಿಲ್ಲ. ಕಾರ್ಡು ತಿರುಗಿಸಿದೆ. ಹಿಂದೆ ಖಾಲಿ.

“ಉತ್ತರ ಎಲ್ಲಿ?”

“ನಮ್ಮೂರಾಗ ಐತ್ರಿ ಸರ. ಅಜ್ಜಿ ಹೇಳ್ತಾಳ, ಬರ್ರಿ.”

ಭಾನುವಾರ ಹಳಿಯಾಳದ ಬಸ್ಸು ಹತ್ತಿದೆ.