ಉಣ್ಣೆ ಕತ್ತರಿಸಿದ ಮರುದಿನ

ನಾನು ಚಿಕ್ಕವನಿದ್ದಾಗ ನನಗೆ ಮನೆಗಿಂತ ಬಯಲೇ ಹೆಚ್ಚು ಪರಿಚಯ. ನಮ್ಮದು ಬೀರಪ್ಪ ದೇವರ ಒಕ್ಕಲು, ಕುರಿ ಕಾಯುವ ಮನೆತನ. ಬೇವೂರಿನಲ್ಲಿ ಒಂದು ಸಣ್ಣ ಮನೆಯೇನೋ ಇತ್ತು, ಅವ್ವ ಅಲ್ಲಿರುತ್ತಿದ್ದಳು. ಅಪ್ಪ, ಅಕ್ಕ ಮತ್ತು ನಾನು ಹಿಂಡಿನ ಹಿಂದೆ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದೆವು. ಈಗ ಮೊಣಕಾಲು ಹಿಡಿದುಕೊಂಡು ಕೂತಾಗಲೆಲ್ಲ ಆ ತಿರುಗಾಟ ನೆನಪಾಗುತ್ತದೆ. ಅದರಲ್ಲೂ ಒಂದು ದಿನದ ದಣಿವು ಇನ್ನೂ ಕಾಲು ಬಿಟ್ಟು ಹೋಗಿಲ್ಲ.

ಮಳೆಗಾಲ ಮುಗಿಯಿತೆಂದು ಎಲ್ಲರೂ ನಂಬಿದ್ದ ಹೊತ್ತು ಅದು. ಹಾಗೆ ನಂಬಿಯೇ ಅಪ್ಪ ಕುರಿಗಳನ್ನು ಹಳ್ಳದಲ್ಲಿ ಮೀಯಿಸಿ, ಒಣಗಿಸಿ, ಉಣ್ಣೆ ಕತ್ತರಿಸಿದ್ದ. ಕತ್ತರಿಯ ಕಚಕಚ ಸದ್ದು ದಿನವಿಡೀ ಕೇಳುತ್ತಿತ್ತು. ಸಂಜೆಗೆ ನೋಡಿದರೆ ನಮ್ಮ ದಪ್ಪ ದಪ್ಪ ಕರಿ ಕುರಿಗಳೆಲ್ಲ ಕ್ಷೌರ ಮಾಡಿಸಿಕೊಂಡ ಮುದುಕರಂತೆ ಸಣಕಲಾಗಿ ನಿಂತಿದ್ದವು. ಅಕ್ಕನಿಗೂ ನನಗೂ ನಕ್ಕೂ ನಕ್ಕೂ ಹೊಟ್ಟೆ ನೋವು ಬಂದಿತ್ತು.

ಮರುದಿನ ಕುಳಗೇರಿ ಕ್ರಾಸಿನ ಆಚೆ ಮೇಯಿಸುತ್ತಿದ್ದೆವು. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವಾಗ ತಣ್ಣನೆಯ ಗಾಳಿ ಬೀಸಿತು. ಅಪ್ಪ ಮುಗಿಲು ನೋಡಿದವನೇ ಗಂಟು ಮತ್ತೆ ಕಟ್ಟಿದ. ನಾವು ಹಿಂಡನ್ನು ಒಟ್ಟು ಮಾಡುವಷ್ಟರಲ್ಲಿ ಮಳೆ ಬಡಿಯಿತು. ಸುತ್ತ ಒಂದು ಮರವಿಲ್ಲ, ಗುಡಿಯಿಲ್ಲ. ಬರೀ ಕೆಂಪು ಕಲ್ಲಿನ ಬಯಲು.

ಉಣ್ಣೆಯಿದ್ದರೆ ಕುರಿ ಮಳೆಗೆ ಹೆದರುವುದಿಲ್ಲ. ಉಣ್ಣೆ ತೆಗೆದ ಮರುದಿನ ಚಳಿಮಳೆ ಬಂದರೆ ಮಾತ್ರ ನಡುಗಿ ನಡುಗಿ ಮಲಗಿಬಿಡುತ್ತದೆ. ನಮಗೆ ಹೊಲವಿರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ. ಹಿಂಡು ಹೋದರೆ ನಮ್ಮ ಬದುಕೇ ಹೋದಂತೆ. ಅಪ್ಪ ಮೈಮೇಲಿನ ಕಂಬಳಿ ತೆಗೆದು ಮರಿಗಳಿಗೆ ಹೊದಿಸಿ, ನಮ್ಮಿಬ್ಬರನ್ನೂ ಕರೆದು ಹೇಳಿದ:

“ಒಂದನ್ನೂ ಮಲಗಾಕ ಬಿಡಬ್ಯಾಡ್ರಿ. ಮಲಗಿದ್ದು ಏಳಂಗಿಲ್ಲ.”

ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ನಡುವೆ ನಿಂತವಕ್ಕೆ ಬೆಚ್ಚಗೆ, ಅಂಚಿನವಕ್ಕೆ ಗಾಳಿಯ ಏಟು. ಅದಕ್ಕೇ ಅಂಚಿನ ಕುರಿಯನ್ನು ಎಳೆದು ನಡುವೆ ನೂಕಬೇಕು. ಆಗ ಬೇರೆ ಕುರಿ ಅಂಚಿಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಅದನ್ನೂ ಒಳಗೆ ನೂಕಬೇಕು. ಕುಸಿದದ್ದನ್ನು ಹೊಟ್ಟೆಗೆ ಕೈಕೊಟ್ಟು ಎತ್ತಿ ನಿಲ್ಲಿಸಬೇಕು. ಇದೇ ಕೆಲಸ, ಮತ್ತೆ ಇದೇ ಕೆಲಸ. ಕೈಗೆ ಒದ್ದೆ ಚರ್ಮ ಜಾರುತ್ತಿತ್ತು. ಕಾಲಿಗೆ ಕೆಸರು ಮೆತ್ತಿ ಭಾರವಾಗಿತ್ತು. ಗಂಟಿನಲ್ಲಿದ್ದ ರೊಟ್ಟಿ ನೆನೆದು ಹಿಟ್ಟಾಗಿತ್ತು.

ನನಗೆ ಸಾಕಾಯಿತು. ಒಂದು ಬಂಡೆಗೆ ಒರಗಿ ಕೂತೆ. ಕೂತ ಮೇಲೆ ಚಳಿಯೂ ಅಷ್ಟಾಗಿ ತಿಳಿಯಲಿಲ್ಲ, ಕಣ್ಣು ಎಳೆಯತೊಡಗಿತು. ಯಾರೋ ಬೆನ್ನಿಗೆ ಕೋಲಿನಿಂದ ತಿವಿದರು. ನೋಡಿದರೆ ಅಕ್ಕ.

“ಏಳೋ ತಮ್ಮಾ. ಕುರಿಗೆ ಹೇಳಿದ್ದು ನಿನಗೂ ಹೇಳಿದಂಗ,” ಅಂದಳು.

ನಾನು ಅತ್ತುಬಿಟ್ಟೆ. ಆಗೋದಿಲ್ಲ ಅಂದೆ. ಅಕ್ಕ ಸಮಾಧಾನದ ಮಾತೇನೂ ಆಡಲಿಲ್ಲ. ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಹಿಂಡಿನ ನಟ್ಟನಡುವೆ ನೂಕಿದಳು. ಆ ಬಿಸುಪನ್ನು ಹೇಗೆ ಹೇಳಲಿ? ಸುತ್ತ ಕುರಿಗಳ ಉಸಿರು, ಹಬೆ, ಮೇಕೆಹಾಲಿನಂಥ ಒಗರು ವಾಸನೆ. ಕೈಬೆರಳಿಗೆ ಜೀವ ಬಂತು. ಆಗ ಕಣ್ಣೆತ್ತಿ ನೋಡಿದೆ. ನಾನು ಬಿಟ್ಟ ಕಡೆ ಅಕ್ಕ ಒಬ್ಬಳೇ ಓಡಾಡುತ್ತಿದ್ದಳು, ಅವಳ ತುಟಿ ನೀಲಿಗಟ್ಟಿತ್ತು. ನಾನು ಹೊರಗೆ ಬಂದು ಅವಳನ್ನು ಒಳಗೆ ನೂಕಿದೆ. ಅವಳು ಬೈದಳು, ಆದರೆ ಹೋದಳು.

ಹೊತ್ತು ಇಳಿಯುವಾಗ ನೋಡುತ್ತೇನೆ, ಆಚೆ ಬದಿಯಲ್ಲಿ ಅಪ್ಪನ ಹಲ್ಲು ಕಟಕಟ ಅನ್ನುತ್ತಿವೆ. ಅವನು ಒಮ್ಮೆಯೂ ನಿಂತಿರಲಿಲ್ಲ. ಅಪ್ಪನಿಗೆ ಎದುರು ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಆದರೂ ಅವನ ಧೋತರ ಹಿಡಿದು ಎಳೆದೆ.

“ಅಪ್ಪಾ, ಈಗ ನಿಂದು ಪಾಳಿ. ನಡುವ ಹೋಗು.”

ಅಪ್ಪ ನನ್ನನ್ನೇ ನೋಡಿದ. ಕುರಿಗಳ ನಡುವೆ ಹೋಗಿ ನಿಂತ.

ಕತ್ತಲಾಗುವ ಮೊದಲು ಮಳೆ ನಿಂತಿತು. ಹಿಂಡು ಉಳಿಯಿತು. ಕೆಲವು ಮಾತ್ರ ಏಳಲಿಲ್ಲ. ಅಪ್ಪ ಅವುಗಳ ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ನಮಗೆ ಬೆನ್ನು ಮಾಡಿ ಅತ್ತ. ಅಪ್ಪನೂ ಅಳುತ್ತಾನೆಂದು ನನಗೆ ಅಂದೇ ಗೊತ್ತಾದದ್ದು.

ಕಷ್ಟ ಬಂದರೆ ಮನುಷ್ಯ ಗಟ್ಟಿಯಾಗುತ್ತಾನೆ ಅನ್ನುತ್ತಾರೆ. ಹಾಗೆನ್ನುವವರು ಸಾಮಾನ್ಯವಾಗಿ ಒಣ ಬಟ್ಟೆಯಲ್ಲಿರುತ್ತಾರೆ. ಆ ಮಳೆ ಯಾವ ಕುರಿಯನ್ನೂ ಗಟ್ಟಿ ಮಾಡಲಿಲ್ಲ. ನನ್ನನ್ನು ಗಟ್ಟಿ ಮಾಡಿದ್ದು ಅಕ್ಕನ ಕೋಲು, ಆಮೇಲೆ ನಾನೂ ಒಬ್ಬರನ್ನು ಒಳಗೆ ನೂಕಬಲ್ಲೆ ಎಂಬ ಧೈರ್ಯ. ಮುಂದೆ ಎಷ್ಟೋ ಸಲ ಬಿದ್ದೆ. ಬಿದ್ದಾಗಲೆಲ್ಲ ಅದೇ ನೆನಪಾಗಿ ಎದ್ದೆ.

ಈಗ ಬಾಗಲಕೋಟೆಯಲ್ಲಿ ನಮ್ಮದು ಗಟ್ಟಿ ಸೂರಿನ ಮನೆ. ಮೊಮ್ಮಕ್ಕಳಿಗೆ ರೇನ್‌ಕೋಟ್ ಇದೆ, ಮಳೆಯ ಸುದ್ದಿಯನ್ನು ಮೊಬೈಲ್ ಮೊದಲೇ ಹೇಳುತ್ತದೆ. ಆದರೂ ಚಳಿ ಅವರನ್ನು ಬಿಟ್ಟಿಲ್ಲ. ಮೊನ್ನೆ ಮೊಮ್ಮಗಳು ಸೈಕಲ್ ಪಂದ್ಯದ ಆಯ್ಕೆಯಲ್ಲಿ ಬಿದ್ದಳು. ಗಾಯ ಸಣ್ಣದು, ಆದರೆ ತಂಡದಲ್ಲಿ ಜಾಗ ಸಿಗಲಿಲ್ಲ. ಅಂದಿನಿಂದ ಮುಖದ ತುಂಬ ಹೊದ್ದು ಮಲಗಿದವಳು ಸಾಲೆಗೂ ಹೋಗಲಿಲ್ಲ. ಪೆಟ್ಟು ಬಿದ್ದರೇನೇ ಗಟ್ಟಿಯಾಗ್ತಾಳೆ ಬಿಡಿ ಅಂದ ನನ್ನ ಮಗ. ನನಗೆ ಸಿಟ್ಟು ಬಂತು.

ನಿನ್ನೆ ಅವಳ ತಮ್ಮನನ್ನು ಮಂಚದ ಆ ಬದಿಗೆ ಕೂರಿಸಿ, ನಾನು ಈ ತುದಿಯಲ್ಲಿ ಕೂತು, ಇದನ್ನೆಲ್ಲ ಹೇಳಿದೆ. ಹೊದಿಕೆ ಅಲುಗಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಸುಸ್ತಾಗಿತ್ತು. ಇನ್ನು ಏಳೋಣ ಎಂದು ಮೊಣಕಾಲಿಗೆ ಕೈ ಊರಿದೆ. ಅಷ್ಟರಲ್ಲಿ ಮೊಮ್ಮಗಳು ಎದ್ದು ಕೂತಳು. ಹೊದಿಕೆ ತೆರೆದು, ಪಕ್ಕಕ್ಕೆ ಸರಿದು, ನನ್ನ ತೋಳು ಹಿಡಿದಳು.

“ಅಜ್ಜಾ, ನೀ ಅಂಚಿಗೇ ಕುಂತಿ. ನಡುವ ಬಾ.”